ಒಂದು ಚಮಚ ಹೊಸ ಅಕ್ಕಿ: ಮೊಂತಿ ಫೆಸ್ತ್ ಹಿಂದಿರೋ ಕಥೆ

ಬಸ್ಸಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡುಗೆ ಮಾಡ್ತಾ ಫೋನನ್ನ ಒಗ್ಗರಣೆ ಡಬ್ಬಿಗೆ ಒರಗಿಸಿಟ್ಟು ಕೇಳ್ತಿರೋರಿಗೆ, ಈ ವಾರದ ಸಂಚಿಕೆಗೆ ಸ್ವಾಗತ. ಇವತ್ತು ಒಂದು ಹಬ್ಬದ ಇತಿಹಾಸ ಹೇಳ್ತೀನಿ. ಇದು ನಮ್ಮ ಮನೆಯ ಹಬ್ಬವೂ ಹೌದು, ಹಾಗಾಗಿ ಮಧ್ಯೆ ಮಧ್ಯೆ ನಮ್ಮ ಮನೆಯವರೂ ಬರ್ತಾರೆ.

‘ಥ್ಯಾಂಕ್ಸ್‌ಗಿವಿಂಗ್’ ಅನ್ನೋ ಪದ ನಿಮಗೆ ಗೊತ್ತಿರುತ್ತೆ. ‘ಫ್ರೆಂಡ್ಸ್’ ನೋಡಿದವರಿಗಂತೂ ಪಕ್ಕಾ ಗೊತ್ತು. ಟರ್ಕಿ ಕೋಳಿ, ದೊಡ್ಡ ಟೇಬಲ್ಲು, ಇಡೀ ಕುಟುಂಬ ಒಟ್ಟಿಗೆ ಊಟ. ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ 1863ರಲ್ಲಿ, ಅಂತರ್ಯುದ್ಧ ನಡೀತಿರುವಾಗಲೇ, ನವೆಂಬರ್ ತಿಂಗಳ ಕೊನೆಯ ಗುರುವಾರವನ್ನ ದೇಶವೆಲ್ಲ ದೇವರಿಗೆ ಕೃತಜ್ಞತೆ ಹೇಳೋ ದಿನ ಅಂತ ಘೋಷಿಸಿದ. ಸರಿಯಾಗಿ 100 ವರ್ಷ ಹಿಂದಕ್ಕೆ ಹೋಗಿ, 1763ಕ್ಕೆ. ನಮ್ಮದೇ ಕರಾವಳಿಯಲ್ಲಿ, ನೇತ್ರಾವತಿ ದಡದಲ್ಲಿ, ಇನ್ನೊಂದು ಕೃತಜ್ಞತೆಯ ಹಬ್ಬ ಶುರುವಾಯ್ತು ಅಂತ ಸ್ಥಳೀಯ ಇತಿಹಾಸ ಹೇಳುತ್ತೆ. ಅದೇ ಮೊಂತಿ ಫೆಸ್ತ್. ಕನ್ನಡ ಪೇಪರ್‌ಗಳಲ್ಲಿ ‘ತೆನೆ ಹಬ್ಬ’ ಅಂತ ಬರೀತಾರೆ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರು ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಇದನ್ನ ಆಚರಿಸ್ತಾರೆ.

ಈ ಹಬ್ಬದ ಕೇಂದ್ರದಲ್ಲಿ ಇರೋದು ಏನು ಗೊತ್ತಾ? ಒಂದು ಚಮಚದಷ್ಟು ಹೊಸ ಅಕ್ಕಿ. ಅಷ್ಟೇ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಥ್ಯಾಂಕ್ಸ್ ಯಾಕೆ ಅನ್ನೋದೇ ಇವತ್ತಿನ ಪ್ರಶ್ನೆ.

ಒಂಬತ್ತು ದಿನ ಹೂವು, ಕೊನೆಗೆ ತೆನೆ

ಮೊದಲು ಹಬ್ಬದಲ್ಲಿ ಏನಾಗುತ್ತೆ ಅಂತ ನೋಡೋಣ. ಸೆಪ್ಟೆಂಬರ್ 8 ಅಂದ್ರೆ ಏಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಬೈಬಲ್‌ನಲ್ಲಿ ಮರಿಯಮ್ಮ ಹುಟ್ಟಿದ ದಿನದ ಉಲ್ಲೇಖ ಇಲ್ಲ. ಆದರೆ ಪೂರ್ವದ ಚರ್ಚುಗಳಲ್ಲಿ ಈ ಆಚರಣೆ ಬಹಳ ಹಳೇದು, ರೋಮ್‌ನಲ್ಲಿ 7ನೇ ಶತಮಾನದ ಹೊತ್ತಿಗೇ ಇತ್ತು.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಅಂದ್ರೆ ಹಬ್ಬದ ತಯಾರಿಯ ಪ್ರಾರ್ಥನೆ. ಮಕ್ಕಳು ದಿನಾ ಒಂದೊಂದು ತಟ್ಟೆಯಲ್ಲಿ, ಬುಟ್ಟಿಯಲ್ಲಿ ಹೂವು ತಗೊಂಡು ಚರ್ಚಿಗೆ ಹೋಗ್ತಾರೆ. ದಾಸವಾಳ, ಗೊರಟೆ, ಬೇಲಿ ಬದಿಯ ಕಾಡುಹೂ, ಏನು ಸಿಕ್ಕಿದ್ರೂ ನಡೆಯುತ್ತೆ. ಪುಟ್ಟ ಮರಿಯಮ್ಮನ ಮೂರ್ತಿಗೆ ಹಾಡು ಹಾಡ್ತಾ ಆ ಹೂವು ಅರ್ಪಿಸ್ತಾರೆ. ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಹಸುಗೂಸಿನ ರೂಪದ ಮರಿಯಮ್ಮ ಇಟಲಿಯ ಮಿಲಾನ್‌ನಲ್ಲಿ ಬಹಳ ಪ್ರಸಿದ್ಧ. ಅಂದ್ರೆ ನೋಡಿ, ಒಂದೇ ಹಬ್ಬದಲ್ಲಿ ಪೂರ್ವ ದೇಶದ ಹಳೇ ದಿನಾಂಕ, ಇಟಲಿಯ ಮೂರ್ತಿ, ತುಳುನಾಡಿನ ಬೇಲಿ ಹೂವು, ಕೊಂಕಣಿ ಹಾಡು.

ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನ ಧರ್ಮಗುರು ಆಶೀರ್ವದಿಸ್ತಾರೆ. ಮೆರವಣಿಗೆ, ಬಲಿಪೂಜೆ. ಆಮೇಲೆ ಪ್ರತಿ ಕುಟುಂಬಕ್ಕೂ ತೆನೆ ಹಂಚ್ತಾರೆ, ಹೂವು ತಂದ ಮಕ್ಕಳಿಗೆ ಕಬ್ಬು. ನಿಜ ಹೇಳ್ಬೇಕಂದ್ರೆ ಚಿಕ್ಕವರಿದ್ದಾಗ ನಮ್ಮ ಭಕ್ತಿಯಲ್ಲಿ ಅರ್ಧ ಭಾಗ ಆ ಕಬ್ಬಿಗೇ ಸೇರಿತ್ತು.

ಮನೆಗೆ ಬಂದ ಮೇಲೆ ನಡೆಯೋದೇ ‘ನೊವೆಂ ಜೆವಾಣ್’. ನೊವೆಂ ಅಂದ್ರೆ ಹೊಸತು, ಜೆವಾಣ್ ಅಂದ್ರೆ ಊಟ. ತೆನೆಯಿಂದ ಕಾಳು ಬಿಡಿಸಿ, ಉಗುರಲ್ಲಿ ಸಿಪ್ಪೆ ತೆಗೆದು, ಪುಡಿ ಮಾಡಿ, ತೆಂಗಿನಹಾಲಿಗೋ ಪಾಯಸಕ್ಕೋ ಬೆರೆಸ್ತಾರೆ. ಆಲ್ತಾರ್ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ನಿಲ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ, ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಕೊಡ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಊಟ.

ಆ ಊಟದಲ್ಲಿ ಒಂದು ವಿಶೇಷ ಇದೆ. ಕರಾವಳಿಯ ಕ್ಯಾಥೊಲಿಕ್ ಮನೆ ಅಂದ್ರೆ ಮೀನಿಲ್ಲದ ದಿನ ಕಡಿಮೆ, ಹಬ್ಬ ಅಂದ್ರೆ ಕೋಳಿ, ಹಂದಿ ಮಾಂಸ ಇರಲೇಬೇಕು. ಆದ್ರೆ ಈ ದಿನ ಪೂರ್ತಿ ಸಸ್ಯಾಹಾರ. ಪಲ್ಯ, ಪದಾರ್ಥಗಳು ಬೆಸ ಸಂಖ್ಯೆಯಲ್ಲಿ: ಐದು, ಏಳು, ಒಂಬತ್ತು. ಹರಿವೆ ದಂಟು, ಕೆಸು, ಹೀರೆ, ಬೆಂಡೆ, ಹಾಗಲ, ಸೌತೆ, ಅಂಬಟೆಕಾಯಿ. ಎಲ್ಲವೂ ಮಳೆಗಾಲದಲ್ಲಿ ಹಿತ್ತಲಲ್ಲಿ ಬೆಳೆಯೋವೇ. ಪೇಟೆಯಿಂದ ತರೋ ಐಟಂ ಕಡಿಮೆ.

ಗೋವಾದಿಂದ ನಡೆದು ಬಂದ ತೆನೆ

ಈ ಪದ್ಧತಿ ಎಲ್ಲಿಂದ ಬಂತು? ಒಂದು ಹೆಜ್ಜೆ ಗೋವಾಕ್ಕೆ ಹೋಗ್ಬೇಕು. ಗೋವಾದಲ್ಲಿ ಇವತ್ತಿಗೂ ‘ಕೊಣಸಾಚೆಂ ಫೆಸ್ತ್’ ಇದೆ, ತೆನೆಯ ಹಬ್ಬ. ರಾಯ್ ಅನ್ನೋ ಊರಲ್ಲಿ ಆಗಸ್ಟ್ 5ಕ್ಕೆ, ತಾಳಗಾಂವ್‌ನಲ್ಲಿ ಆಗಸ್ಟ್ 21ಕ್ಕೆ. ಪಾದ್ರಿ ಗದ್ದೆಗೆ ಹೋಗಿ ಮೊದಲ ತೆನೆ ಆಶೀರ್ವದಿಸ್ತಾರೆ, ಆಮೇಲೆ ಅದನ್ನ ಚರ್ಚಿಗೆ ತರ್ತಾರೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಲದಲ್ಲಿ ಮತಾಂತರವಾದ ಈ ಹಳ್ಳಿಗಳಲ್ಲಿ, ಮೊದಲ ತೆನೆಯನ್ನ ದೇವರಿಗೆ ಕೊಟ್ಟೇ ಊಟ ಮಾಡಬೇಕು ಅನ್ನೋ ನಂಬಿಕೆ ಅದಕ್ಕಿಂತ ಹಳೇದು.

ಇಲ್ಲಿ ಒಂದು ಸ್ವಾರಸ್ಯ ಇದೆ. ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಯ್ತು. ಅದು ಧರ್ಮ ವಿಚಾರಣೆಯ ನ್ಯಾಯಾಲಯ. ಹೊಸ ಕ್ರೈಸ್ತರು ಹಳೇ ಪದ್ಧತಿ ಪಾಲಿಸ್ತಿದ್ದಾರಾ ಅಂತ ಅದು ಹುಡುಕಿ ಹುಡುಕಿ ಶಿಕ್ಷೆ ಕೊಡ್ತಿತ್ತು. 1736ರ ಒಂದು ಆದೇಶದಲ್ಲಿ ಅಂಗಳದ ತುಳಸಿ ಗಿಡದಿಂದ ಹಿಡಿದು ಮದುವೆ ಶಾಸ್ತ್ರಗಳವರೆಗೆ ಉದ್ದದ ನಿಷೇಧಗಳಿದ್ದವು. ಇಷ್ಟೆಲ್ಲ ಆದ್ರೂ ತೆನೆಯ ಹಬ್ಬ ಉಳೀತು, ಅದೂ ಚರ್ಚಿನ ಒಳಗೇ. ಇದಕ್ಕೆ ಬೈಬಲ್‌ನ ಬೆಂಬಲವೂ ಇತ್ತು: ಸುಗ್ಗಿಯ ಮೊದಲ ಫಲವನ್ನ ದೇವರಿಗೆ ಅರ್ಪಿಸಬೇಕು ಅಂತ ಹಳೇ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿದೆ. ಆದ್ರೆ ನನಗನ್ನಿಸೋದು, ಭತ್ತ ಬೆಳೆಯೋ ಮನುಷ್ಯನಿಗೆ ಇದನ್ನ ಪುಸ್ತಕದಿಂದ ಕಲಿಸಬೇಕಾಗಿಲ್ಲ.

ವಿಚಾರಣೆ, ಬರ, ಸಾಂಕ್ರಾಮಿಕ ರೋಗ, ಮರಾಠರ ಜೊತೆಗಿನ ಯುದ್ಧ, ಇಂಥ ಬೇರೆ ಬೇರೆ ಕಾರಣಕ್ಕೆ 16ರಿಂದ 18ನೇ ಶತಮಾನದವರೆಗೆ ಗೋವಾದ ಕ್ರೈಸ್ತರು ಅಲೆ ಅಲೆಯಾಗಿ ದಕ್ಷಿಣಕ್ಕೆ, ಕೆನರಾ ಕರಾವಳಿಗೆ ಬಂದ್ರು. ಆಗ ಇಲ್ಲಿ ಆಳ್ತಿದ್ದವರು ಕೆಳದಿಯ ನಾಯಕರು. ಅವರು ಲಿಂಗಾಯತ ಅರಸರು. ವಲಸೆ ಬಂದ ಕ್ರೈಸ್ತರಿಗೆ ಅವರು ನೆಲ ಕೊಟ್ಟಿದ್ದಕ್ಕೆ ಕಾರಣ ಸರಳ: ಇವರಿಗೆ ಭತ್ತದ ಬೇಸಾಯ ಚೆನ್ನಾಗಿ ಬರ್ತಿತ್ತು. ಅಂದ್ರೆ ಈ ಊರಲ್ಲಿ ನಮ್ಮ ಹಿರಿಯರಿಗೆ ಜಾಗ ಸಿಕ್ಕಿದ್ದೇ ಭತ್ತದಿಂದ.

ಅಕ್ಕಪಕ್ಕದ ಮನೆಗಳಲ್ಲೂ ಇದೇ ಭಾವನೆ ಇತ್ತು. ತುಳುವರಲ್ಲಿ ತೆನೆ ಕಟ್ಟೋ ‘ಕುರಲ್ ಪರ್ಬ’, ಹೊಸ ಅಕ್ಕಿ ಊಟದ ‘ಪುದ್ವಾರ್’ ಇದೆ. ಕೊಡಗಿನಲ್ಲಿ ಪುತ್ತರಿ. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ನವರಾತ್ರಿ ಹೊತ್ತಿಗೆ ತೆನೆ ಕೊಡ್ತಾರೆ, ಜನ ಅದನ್ನ ಬಾಗಿಲಿಗೆ, ಈಗೀಗ ಸ್ಕೂಟರ್‌ಗೂ ಕಟ್ತಾರೆ. ಹೊಸ ಅಕ್ಕಿಯ ಊಟ ಸಾತ್ವಿಕವಾಗಿರಬೇಕು ಅನ್ನೋ ಪದ್ಧತಿ ನಮ್ಮ ಮನೆಯ ಎಲೆಯಲ್ಲೂ ಉಳಿದದ್ದು ಈ ನೆರೆಹೊರೆಯಿಂದಲೇ ಇರಬೇಕು.

ಫರಂಗಿಪೇಟೆಯ ಗುಡ್ಡ

ಈಗ 1763. ಮಂಗಳೂರಿಂದ ಬಿ.ಸಿ. ರೋಡ್ ಕಡೆ ಹೋಗುವಾಗ ನೇತ್ರಾವತಿ ಪಕ್ಕದಲ್ಲಿ ಫರಂಗಿಪೇಟೆ ಸಿಗುತ್ತೆ. ಫರಂಗಿಗಳ ಪೇಟೆ, ಹೆಸರಲ್ಲೇ ಕಥೆ ಇದೆ. ಅಲ್ಲಿನ ಚರ್ಚಿನ ಹೆಸರು ಮೊಂತೆ ಮರಿಯಾನೊ, ಅಂದ್ರೆ ಮರಿಯಮ್ಮನ ಗುಡ್ಡ. ಪೋರ್ಚುಗೀಸ್‌ನಲ್ಲಿ ‘ಮೊಂತೆ’ ಅಂದ್ರೆ ಗುಡ್ಡ, ‘ಫೆಸ್ತಾ’ ಅಂದ್ರೆ ಹಬ್ಬ. ಗುಡ್ಡದ ಹಬ್ಬವೇ ಮೊಂತಿ ಫೆಸ್ತ್.

ಇದನ್ನ ಶುರು ಮಾಡಿದವರು ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದ. ಅದೇ 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ಕೆಳದಿ ರಾಜ್ಯವನ್ನ ಮೈಸೂರಿಗೆ ಸೇರಿಸಿಕೊಂಡ, ಕರಾವಳಿಯೂ ಅವನ ಕೈಗೆ ಬಂತು. ಅಂದ್ರೆ ಊರಿಗೆ ಊರೇ ಹೊಸ ರಾಜನನ್ನ ನೋಡ್ತಿದ್ದ ವರ್ಷದಲ್ಲಿ ಈ ಪಾದ್ರಿ ಜನರನ್ನ ಗುಡ್ಡಕ್ಕೆ ಕರೆದು ತೆನೆ ಆಶೀರ್ವದಿಸಿದ್ರು. ಹೈದರಾಲಿಗೂ ಮಿರಾಂದರಿಗೂ ಒಳ್ಳೇ ಸ್ನೇಹ ಇತ್ತು ಅಂತ ಸಮುದಾಯದ ನೆನಪು ಹೇಳುತ್ತೆ.

ಯಾಕೆ ಸೆಪ್ಟೆಂಬರ್ 8? ಇಲ್ಲಿ ಚರ್ಚಿನ ಕ್ಯಾಲೆಂಡರ್ ಮತ್ತು ಗದ್ದೆಯ ಕ್ಯಾಲೆಂಡರ್ ಒಂದಕ್ಕೊಂದು ಕೂಡಿಬಂದವು. ತುಳುನಾಡಲ್ಲಿ ಭತ್ತದ ಬೆಳೆ ಮೂರು: ಏಣೆಲ್, ಸುಗ್ಗಿ, ಕೊಳಕೆ. ಮುಂಗಾರಿನ ಏಣೆಲ್ ಬೆಳೆಯಲ್ಲಿ ಮೊದಲ ತೆನೆ ಕಾಣಿಸೋದು ಸೆಪ್ಟೆಂಬರ್ ಹೊತ್ತಿಗೆ. ಕೊಯ್ಲು ಇನ್ನೂ ಮುಂದಿದೆ. ಇದನ್ನ ಗಮನಿಸಿ: ಕಣಜ ತುಂಬಿದ ಮೇಲೆ ಹೇಳೋ ಥ್ಯಾಂಕ್ಸ್ ಇದಲ್ಲ. ಬೆಳೆ ಇನ್ನೂ ಗದ್ದೆಯಲ್ಲೇ ಇದೆ, ಒಂದು ಜೋರು ಮಳೆ ಬಂದ್ರೆ ಮಲಗಿಬಿಡುತ್ತೆ, ಮನೆಯಲ್ಲಿ ಹಳೇ ಅಕ್ಕಿ ತಳ ಕಂಡಿದೆ. ಆ ಹೊತ್ತಲ್ಲಿ ನಾಲ್ಕು ಕಾಳು ತಂದು ಸಾಕು, ಇಷ್ಟು ಕೊಟ್ಟಿದ್ದೀಯ ಅಂತ ಹೇಳೋದು. ಧೈರ್ಯ ಬೇಕು ಅದಕ್ಕೆ.

ಹದಿನೈದು ಮಳೆಗಾಲ

ಆ ಧೈರ್ಯದ ಪರೀಕ್ಷೆ ಬೇಗನೇ ಬಂತು. ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ, 1783ರಲ್ಲಿ, ಬ್ರಿಟಿಷರು ಮಂಗಳೂರು ಹಿಡಿದ್ರು. ಟಿಪ್ಪು ಸುಲ್ತಾನ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನ ವಾಪಸ್ ಪಡೆದ. ಕ್ರೈಸ್ತರು ಬ್ರಿಟಿಷರಿಗೆ ನೆರವಾದ್ರು ಅನ್ನೋ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ ಕೆನರಾದ ಕ್ಯಾಥೊಲಿಕರನ್ನ ಸೆರೆಹಿಡಿದು ಘಾಟಿ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ರು. ಎಷ್ಟು ಜನ? ಬೇರೆ ಬೇರೆ ದಾಖಲೆಗಳಲ್ಲಿ 30,000ದಿಂದ 80,000ದವರೆಗೆ ಲೆಕ್ಕ ಇದೆ. ಹೆಚ್ಚಾಗಿ ಉಲ್ಲೇಖ ಆಗೋದು 60,000. ಚರ್ಚುಗಳು ನೆಲಸಮ ಆದವು, ಜಮೀನು ಜಪ್ತಿ ಆಯ್ತು, ಪಾದ್ರಿಗಳನ್ನ ಗೋವಾಕ್ಕೆ ಗಡೀಪಾರು ಮಾಡಿದ್ರು. ಹೈದರ್ ಜೊತೆಗಿದ್ದ ಹಳೇ ಸ್ನೇಹದ ಕಾರಣಕ್ಕೆ ಫರಂಗಿಪೇಟೆಯ ಚರ್ಚನ್ನ ಮುಟ್ಟಲಿಲ್ಲ ಅನ್ನೋದು ಪರಂಪರೆಯಿಂದ ಬಂದ ಮಾತು.

ಟಿಪ್ಪು ಹೆಸರು ಬಂದ ಕೂಡಲೇ ಕಾಮೆಂಟ್‌ಗಳಲ್ಲಿ ಜಗಳ ಶುರುವಾಗುತ್ತೆ ಅಂತ ನನಗೆ ಗೊತ್ತು. ಇದರ ಹಿಂದೆ ಯುದ್ಧತಂತ್ರ ಎಷ್ಟು, ಧರ್ಮ ಎಷ್ಟು ಅಂತ ಇತಿಹಾಸಕಾರರು ಇವತ್ತಿಗೂ ಚರ್ಚೆ ಮಾಡ್ತಾರೆ. ನನ್ನ ಗಮನ ಇರೋದು ಗದ್ದೆ ಮೇಲೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸೆರೆಯಲ್ಲಿ ಉಳಿದಿದ್ದವರು ಬಿಡುಗಡೆ ಆದ್ರು. 15 ವರ್ಷ. ರೈತರ ಲೆಕ್ಕದಲ್ಲಿ 15 ಮಳೆಗಾಲ. ಸೆರೆಯಲ್ಲಿ ಹುಟ್ಟಿದ ಮಗು ಹದಿಹರೆಯಕ್ಕೆ ಬರೋವರೆಗೂ ತನ್ನ ಅಜ್ಜನ ಗದ್ದೆ ನೋಡಿರಲಿಲ್ಲ. ತುಂಬಾ ಜನ ದಾರಿಯಲ್ಲಿ, ಸೆರೆಯಲ್ಲಿ ತೀರಿಹೋಗಿದ್ರು. ಕೆಲವರು ತಪ್ಪಿಸಿಕೊಂಡು ಕೊಡಗು ಸೇರಿದ್ರು. ಅಲ್ಲಿನ ರಾಜ ದೊಡ್ಡ ವೀರರಾಜೇಂದ್ರ ಅವರಿಗೆ ಆಶ್ರಯ ಕೊಟ್ಟ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ಹುಟ್ಟಿದ್ದು ಹಾಗೆ. ಹೋದವರಲ್ಲಿ ಒಂದು ಭಾಗ ಮಾತ್ರ ಕರಾವಳಿಗೆ ಮರಳಿತು.

ಹಾಗೆ ಮರಳಿ ಬಂದು, ಮತ್ತೆ ಉತ್ತು, ಮತ್ತೆ ನೇಜಿ ನೆಟ್ಟು, ಮೊದಲ ತೆನೆ ಕೈಗೆ ತಗೊಂಡ ಮನೆಯನ್ನ ಊಹಿಸಿಕೊಳ್ಳಿ. ಎಲ್ಲರಿಗೂ ಸಮನಾಗಿ ಒಂದೊಂದು ಚಮಚ ಹಂಚುವಾಗ ಯಾರಿದ್ದಾರೆ, ಯಾರಿಲ್ಲ ಅನ್ನೋ ಲೆಕ್ಕ ತಾನಾಗೇ ಆಗುತ್ತೆ. ನೊವೆಂ ಜೆವಾಣ್ ಅನ್ನ ನಾನು ಅರ್ಥ ಮಾಡ್ಕೊಂಡಿರೋದೇ ಹೀಗೆ. ಅನ್ನಕ್ಕೆ ಹೇಳೋ ಥ್ಯಾಂಕ್ಸ್ ಜೊತೆ, ಹಂಚಿಕೊಳ್ಳೋಕೆ ಜನ ಉಳಿದಿದ್ದಾರೆ ಅನ್ನೋದಕ್ಕೂ ಥ್ಯಾಂಕ್ಸ್ ಸೇರಿದೆ.

ಅಕ್ಕಿ ಯಾರದ್ದು?

ಇತಿಹಾಸ ಅಂದ ಕೂಡಲೇ ರಾಜರು, ಯುದ್ಧ ಅಂತಲೇ ಯೋಚನೆ ಮಾಡ್ತೀವಿ. ಆದ್ರೆ ಈ ಹಬ್ಬದ ಅರ್ಥ ಇನ್ನೊಮ್ಮೆ ಬದಲಾಗಿದ್ದು ಒಂದು ಕಾನೂನಿನಿಂದ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಇತ್ತು. ಗದ್ದೆ ಧಣಿಯದ್ದು, ದುಡಿಮೆ ಒಕ್ಕಲಿನದ್ದು. ಗೇಣಿ ಕೊಡಬೇಕಾಗಿದ್ದು ಅಕ್ಕಿ ಮುಡಿಗಳಲ್ಲಿ. ಧಣಿಗಳಲ್ಲಿ ಬಂಟರು, ಬ್ರಾಹ್ಮಣರು, ಜೈನರು ಇದ್ದ ಹಾಗೆ ಕ್ಯಾಥೊಲಿಕರೂ ಇದ್ರು. ಒಕ್ಕಲುಗಳಲ್ಲೂ ಎಲ್ಲರೂ ಇದ್ರು.

ನನ್ನ ಅಜ್ಜಿ ಒಕ್ಕಲು ಮನೆಯವರು. ಅವರು ಹೇಳೋರು: ‘ಹಬ್ಬದ ದಿನದ ಅಕ್ಕಿ ನಮ್ಮದು, ಉಳಿದ ಅಕ್ಕಿ ಧಣಿಯದ್ದು.’ ಚೆಂದಕ್ಕೆ ಹೇಳಿದ ಮಾತಲ್ಲ ಇದು, ಲೆಕ್ಕವೇ ಹಾಗಿತ್ತು. ಗೇಣಿ ಅಳೆದುಕೊಟ್ಟ ಮೇಲೆ ಉಳಿದದ್ದು ಕೆಲವು ತಿಂಗಳಿಗೆ ಸಾಲ್ತಿತ್ತು, ಆಮೇಲೆ ಗಂಜಿಯಲ್ಲಿ ತಿಳಿ ಜಾಸ್ತಿ, ಅಗುಳು ಕಡಿಮೆ. ಆ ಮನೆಯಲ್ಲಿ ಹೊಸ ಅಕ್ಕಿ ಪಾಯಸ ಅಂದ್ರೆ ಏನಾಗಿತ್ತು ಅಂತ ನಾನು ಸ್ವಿಗ್ಗಿ ಆರ್ಡರ್ ಮಾಡ್ತಾ ಊಹಿಸೋಕೆ ಪ್ರಯತ್ನ ಪಟ್ಟಿದ್ದೀನಿ. ಪೂರ್ತಿ ಆಗಲ್ಲ.

ಕರ್ನಾಟಕ ಭೂಸುಧಾರಣಾ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಇದು ದೊಡ್ಡ ಬದಲಾವಣೆ ತಂದ ಜಾಗಗಳಲ್ಲಿ ದಕ್ಷಿಣ ಕನ್ನಡ ಮುಖ್ಯವಾದದ್ದು. ಸಾವಿರಾರು ಒಕ್ಕಲು ಕುಟುಂಬಗಳಿಗೆ ಜಮೀನು ಸಿಕ್ತು, ಸಾಕಷ್ಟು ಧಣಿ ಕುಟುಂಬಗಳು ಕಳ್ಕೊಂಡವು. ನಮ್ಮ ಅಜ್ಜಿಗೆ ಸಿಕ್ಕಿದ್ದು ಎರಡು ಸಣ್ಣ ಗದ್ದೆ. ಅದಾದ ಮೇಲಿನ ಮೊದಲ ಮೊಂತಿ ಫೆಸ್ತ್‌ಗೆ ಚರ್ಚಿನ ತೆನೆ ಜೊತೆ ತನ್ನ ಗದ್ದೆಯ ತೆನೆಯನ್ನೂ ಆಲ್ತಾರ್ ಮೇಲೆ ಇಟ್ಟಿದ್ರಂತೆ. ಅಮ್ಮ ಹೇಳ್ತಾರೆ, ಆ ವರ್ಷ ಪ್ರಾರ್ಥನೆ ಮುಗಿಯೋಕೆ ತುಂಬಾ ಹೊತ್ತಾಯ್ತು, ಪಾಯಸ ತಣ್ಣಗಾಗಿತ್ತು ಅಂತ.

ಲಕೋಟೆಯಲ್ಲಿ ಹೋಗೋ ಹಬ್ಬ

ಕರಾವಳಿಯವರು ಊರು ಬಿಡೋದರಲ್ಲಿ ಎತ್ತಿದ ಕೈ. ಮೊದಲು ಬಾಂಬೆ, ಆಮೇಲೆ ಗಲ್ಫ್, ಈಗ ಟೊರಾಂಟೊ, ಮೆಲ್ಬರ್ನ್. ಹಬ್ಬ ಇದಕ್ಕೂ ದಾರಿ ಹುಡುಕಿತು. ಮನೆಗೆ ಬರಲಾಗದವರಿಗೆ ನೊವೆಂ ಅಂಚೆಯಲ್ಲಿ ಹೋಗುತ್ತೆ. ಒಂದು ಚಿಟಿಕೆ ಅಕ್ಕಿ ಪುಡಿ, ಇಲ್ಲಾಂದ್ರೆ ನಾಲ್ಕು ಕಾಳು, ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿ ಕಳಿಸ್ತಾರೆ. ಬಾಂಬೆಯಲ್ಲಿ ಹೋಟೆಲ್ ಕೆಲಸ ಮಾಡ್ತಿದ್ದ ನನ್ನ ಮಾವ ಆ ಪುಡಿಯನ್ನ ರೂಮಿನ ಎಂಟು ಜನರ ಚಹಾಕ್ಕೆ ಬೆರೆಸಿ ಹಂಚ್ತಿದ್ರಂತೆ. ಅದರಲ್ಲಿ ಮೂವರು ಮಾತ್ರ ಕ್ರೈಸ್ತರು.

ನಾನು ಬೆಂಗಳೂರಿಗೆ ಬಂದ ಮೇಲೆ ನನಗೂ ಲಕೋಟೆ ಬರುತ್ತೆ. ಇಲ್ಲಿ ಸೆಪ್ಟೆಂಬರ್ 8 ಅಂದ್ರೆ ಬೇರೆಯದೇ ಚಿತ್ರ. ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕಾದಲ್ಲಿ ಜನಸಾಗರ, ರಥ, ಕೇಸರಿ ಬಟ್ಟೆ ಹಾಕಿ ಹರಕೆ ತೀರಿಸೋರು, ಟ್ರಾಫಿಕ್ ಡೈವರ್ಷನ್. ಅದೇ ಮರಿಯಮ್ಮ, ಅದೇ ದಿನ. ಇನ್ನು ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪರಂಪರೆಯ ಸಿಎಸ್ಐ ಸಭೆಗಳಲ್ಲೂ, ಬೆಳೆಹಬ್ಬ ಇದೆ. ಅಲ್ಲಿ ಜನ ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿಯನ್ನ ಏಲಂ ಮಾಡ್ತಾರೆ. ಬೆಲೆ ಪೇಟೆಗಿಂತ ಮೂರು ಪಟ್ಟು ಏರಿದ್ರೂ ಯಾರೂ ಬೇಜಾರು ಮಾಡ್ಕೊಳಲ್ಲ.

ಈಗ ಯಾರಿಗೆ ಥ್ಯಾಂಕ್ಸ್?

ಕೊನೆಗೆ ಒಂದು ಕಷ್ಟದ ಮಾತು. ಅಜ್ಜಿಯ ಆ ಎರಡು ಗದ್ದೆಗಳಲ್ಲಿ ಒಂದರಲ್ಲಿ ಈಗ ಅಡಿಕೆ ಇದೆ, ಇನ್ನೊಂದರಲ್ಲಿ ಮನೆ ಬಂದಿದೆ. ಕರಾವಳಿಯಲ್ಲಿ ಭತ್ತದ ಗದ್ದೆ ಕಡಿಮೆಯಾಗ್ತಾ ಇರೋದನ್ನ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನಮ್ಮ ಚರ್ಚಿಗೆ ಈಗ ತೆನೆ ಬರೋದು ಪಕ್ಕದ ಊರಿನ ತುಳು ಮಾತಾಡೋ ಹಿಂದೂ ರೈತರೊಬ್ಬರ ಗದ್ದೆಯಿಂದ. ಊಟದ ಅಕ್ಕಿ ಸೂಪರ್‌ಮಾರ್ಕೆಟ್‌ನದ್ದು. ಹಾಗಾದ್ರೆ ಈ ಹಬ್ಬ ಬರೀ ನಾಟಕವಾ?

ನನ್ನ ತಂಗಿ ಒಂದು ವರ್ಷ ಇದನ್ನೇ ಕೇಳಿದ್ಲು. ನಾವು ಬೆಳೆದೇ ಇಲ್ಲ, ಥ್ಯಾಂಕ್ಸ್ ಯಾಕೆ ಅಂತ. ಅಪ್ಪ ವಾದ ಮಾಡಲಿಲ್ಲ. ಪ್ರಾರ್ಥನೆಯಲ್ಲಿ ಯಾವಾಗಲೂ ಹೇಳೋ ಪಟ್ಟಿ ಹೇಳಿದ್ರು: ಬಾವಿಯಲ್ಲಿ ಏಪ್ರಿಲ್‌ವರೆಗೂ ನೀರಿತ್ತು, ಮಾಡು ಸೋರಲಿಲ್ಲ, ಅಮ್ಮನ ಮಂಡಿನೋವು ಕಡಿಮೆ ಆಯ್ತು, ಮಗಳಿಗೆ ಕೆಲಸ ಸಿಕ್ತು. ಕೊನೆಗೆ ಎರಡು ಸೇರಿಸಿದ್ರು: ತೆನೆ ಕೊಟ್ಟ ಆ ರೈತರ ಹೆಸರು, ಮತ್ತೆ ಅವರ ಗದ್ದೆಗೆ ಕೊಯ್ಲು ಮೆಷಿನ್ ತರೋ ಘಟ್ಟದ ಮೇಲಿನ ಡ್ರೈವರ್. ಆಮೇಲಿಂದ ಪ್ರತಿ ವರ್ಷ ಆ ಇಬ್ಬರು ಪಟ್ಟಿಯಲ್ಲಿದ್ದಾರೆ.

ನನಗೆ ಅದೇ ಉತ್ತರ ಅನ್ನಿಸ್ತು. ಬೆಳೆದವರು ಮಾತ್ರ ಥ್ಯಾಂಕ್ಸ್ ಹೇಳಬೇಕು ಅಂದ್ರೆ ನಾವೆಲ್ಲ ಸುಮ್ಮನಿರಬೇಕಾಗುತ್ತೆ. ಉಣ್ಣುವವರಿಗೆ ಸಾಲ ಇನ್ನೂ ಜಾಸ್ತಿ. 1763ರಲ್ಲಿ ಮಳೆಗೆ, ಮಣ್ಣಿಗೆ, ದೇವರಿಗೆ ಹೇಳಿದ ಮಾತನ್ನ ನಾವು ಈಗ ಇನ್ನೊಂದಿಷ್ಟು ಜನರಿಗೂ ಹೇಳಬೇಕಾಗಿದೆ. ಅವರ ಹೆಸರು ಗೊತ್ತಿದ್ರೆ ಒಳ್ಳೇದು. ಗೊತ್ತಿಲ್ಲ ಅಂದ್ರೆ ಕೇಳಿ ತಿಳ್ಕೊಳ್ಳೋದು ಇನ್ನೂ ಒಳ್ಳೇದು.

ಈ ವಾರ ನಿಮಗೊಂದು ಕೆಲಸ ಕೊಡ್ತೀನಿ. ನಿಮ್ಮದು ಯಾವ ಧರ್ಮವಾದ್ರೂ ಇರಲಿ, ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ. ಅವರು ಚಿಕ್ಕವರಿದ್ದಾಗ ವರ್ಷದ ಮೊದಲ ಅಕ್ಕಿ, ರಾಗಿ, ಜೋಳ ಮನೆಗೆ ಬಂದಾಗ ಏನು ಮಾಡ್ತಿದ್ರು ಅಂತ ಕೇಳಿ. ಉತ್ತರವನ್ನ ವಾಯ್ಸ್ ನೋಟ್ ಮಾಡಿ ಇಟ್ಕೊಳ್ಳಿ. ಮುಂದಿನ ವಾರ ಮತ್ತೊಂದು ಕಥೆ ಜೊತೆ ಸಿಗೋಣ. ಅಲ್ಲಿವರೆಗೂ, ಊಟ ಆಯ್ತಾ? ಆಗಿದ್ರೆ, ಅದಕ್ಕೂ ಒಂದು ಥ್ಯಾಂಕ್ಸ್.